ಬಾವಿಯ ಗೇಟಿಗೆ ಬೀಗ ಬೇಡ
(ಕುಮಟಾದಲ್ಲಿ ನೀಡಿದ ಜುಮಾ ಖುತ್ಬಾದ ಸಾರಾಂಶ)



ಅಲ್ಲಾಹನನ್ನು ಭಯಪಡಿರಿ. ಅವನ ಅನುಗ್ರಹಗಳಿಗೆ ಲೆಕ್ಕ ಕೊಡಬೇಕಾದ ದಿನವನ್ನು ನೆನೆಯಿರಿ.

ಅರಬರೆಂದರೆ ನಮ್ಮ ಕರಾವಳಿಯವರಿಗೆ ಹಡಗಿನಲ್ಲಿ ಬಂದ ವ್ಯಾಪಾರಿಗಳು. ಭಟ್ಕಳ, ಹೊನ್ನಾವರಗಳಿಗೆ ಬಂದು ಕಾಳುಮೆಣಸು ಒಯ್ದವರು. ಇಂದು ನಾನು ಹೇಳುವುದು ಒಂಟೆಯ ಅರಬರ ವಿಷಯ.

ಸೌದಿ ಅರೇಬಿಯದ ದಕ್ಷಿಣದಲ್ಲಿ ರುಬ್‌ಉಲ್ ಖಾಲಿ ಎಂಬ ಮರಳುಗಾಡಿದೆ. ಅಲ್ಲಿ ಹೆಚ್ಚಿನ ವರ್ಷಗಳಲ್ಲಿ 50 ಮಿ.ಮೀ. ಮಳೆಯೂ ಬೀಳುವುದಿಲ್ಲ. ಆಲ್ ಮುರ್ರಾ ಗೋತ್ರದವರು ತಲೆಮಾರುಗಳಿಂದ ಅಲ್ಲಿ ಒಂಟೆ ಮೇಯಿಸಿ ಬದುಕಿದರು. ಹೆಂಗಸರು ಆಡಿನ ಕೂದಲಿನಿಂದ ನೇಯ್ದ ಕಪ್ಪು ಡೇರೆಯೇ ಮನೆ. ಒಂಟೆಯ ಹಾಲು, ಖರ್ಜೂರವೇ ಮುಖ್ಯ ಆಹಾರ. ಚಳಿಗಾಲದಲ್ಲಿ ಮಳೆ ಬಿದ್ದ ಕಡೆಗೆ ಪಯಣ. ಹಸಿರು ಮೇವು ಸಿಕ್ಕರೆ ಒಂಟೆ ವಾರಗಟ್ಟಲೆ ನೀರು ಕೇಳದು. ಬೇಸಿಗೆ ಬಂತೆಂದರೆ ಎಲ್ಲರೂ ಬಾವಿಯ ಸುತ್ತ. ಬಾಯಾರಿದ ಒಂಟೆ ಒಮ್ಮೆಗೇ 100 ಲೀಟರ್ ಕುಡಿಯಬಲ್ಲದು. ಅಷ್ಟನ್ನೂ ಕೈಯಿಂದ ಸೇದಬೇಕಿತ್ತು. ಈಗ ಹಲವರು ಊರುಗಳಲ್ಲಿ ನೆಲೆಸಿದ್ದಾರೆ, ಲಾರಿಯಲ್ಲಿ ನೀರು ಬರುತ್ತದೆ.

ಅವರನ್ನು ಮಲಕುಗಳೆಂದು ನಾನು ಹೇಳುತ್ತಿಲ್ಲ. ಒಂಟೆಗಾಗಿ, ಬಾವಿಗಾಗಿ ಗೋತ್ರಗಳ ನಡುವೆ ದಾಳಿಗಳು ನಡೆದಿವೆ. ಆದರೂ ಬಾಯಾರಿ ಬಂದ ದಾರಿಹೋಕನಿಗೆ ನೀರಿಲ್ಲ ಎನ್ನುವುದು ಬದವಿ ಅರಬರಲ್ಲಿ ತಲೆ ಎತ್ತಲಾಗದ ನಾಚಿಕೆ. ಅತಿಥಿಯಾಗಿ ಬಂದವನಿಗೆ 3 ದಿನ ಆಶ್ರಯ.

ನಮ್ಮ ಪ್ರವಾದಿವರ್ಯರು(ಸ) ಶೈಶವವನ್ನು ಕಳೆದದ್ದು ಇಂಥದೇ ಬದವಿಗಳಾದ ಬನೂ ಸಅದ್ ಗೋತ್ರದ ಹ. ಹಲೀಮಾ(ರ)ರ ಮಡಿಲಲ್ಲಿ. ನೀರು, ಹುಲ್ಲುಗಾವಲು, ಬೆಂಕಿ ಇವುಗಳಲ್ಲಿ ಎಲ್ಲರಿಗೂ ಪಾಲಿದೆಯೆಂದು ಪ್ರವಾದಿವರ್ಯರು(ಸ) ಕಲಿಸಿದರು. ಮದೀನಾದ ರೂಮಾ ಬಾವಿಯ ನೀರು ಮಾರಾಟವಾಗುತ್ತಿದ್ದಾಗ ಹ. ಉಸ್ಮಾನ್(ರ) ಅದನ್ನು ಕೊಂಡು ಎಲ್ಲರಿಗೂ ಬಿಟ್ಟುಕೊಟ್ಟರು.

ಈಗ ನಮ್ಮ ಕುಮಟಾಕ್ಕೆ ಬನ್ನಿ. ಇಲ್ಲಿ ವರ್ಷಕ್ಕೆ 3000 ಮಿ.ಮೀ.ಗೂ ಹೆಚ್ಚು ಮಳೆ. ಆದರೂ ಏಪ್ರಿಲ್ ಬಂದರೆ ಅಘನಾಶಿನಿಯ ಹಿನ್ನೀರಿನ ಬದಿಯ ಎಷ್ಟೋ ಬಾವಿಗಳು ಉಪ್ಪಾಗುತ್ತವೆ. ಕಳೆದ ಬೇಸಿಗೆಯಲ್ಲಿ ಒಬ್ಬ ತಾಯಿ ಎರಡು ಕೊಡ ಹಿಡಿದು ಗೇಟಿನ ಹೊರಗೆ ನಿಂತಿದ್ದನ್ನು ನಾನೇ ಕಂಡೆ. ಒಳಗೆ ಸಿಹಿನೀರಿನ ಬಾವಿ, ಗೇಟಿಗೆ ಬೀಗ. ಮನೆ ನಮ್ಮವರದೇ. ಆ ತಾಯಿ ಯಾವ ಧರ್ಮದವರೆಂದು ನಾನು ಹೇಳುವುದಿಲ್ಲ, ಬಾಯಾರಿಕೆಗೆ ಜಾತಿಯಿಲ್ಲ.

ಸಹೋದರರೇ, ಮರಳುಗಾಡಿನವನು ಸೇದಿ ಕೊಟ್ಟ ನೀರನ್ನು ಪಂಪು ಇರುವ ನಾವು ಕೊಡಲಾರೆವೇ? ಬೀಗ ಬೇಕಿದ್ದರೆ ರಾತ್ರಿ ಹಾಕಿ. ಬೆಳಿಗ್ಗೆ, ಸಂಜೆ ಒಂದೊಂದು ಗಂಟೆ ಗೇಟು ತೆರೆದಿಡಿ. ಗೋಡೆಯ ಹೊರಗೊಂದು ನಲ್ಲಿ ಇಟ್ಟರೆ ಇನ್ನೂ ಒಳ್ಳೆಯದು. ತೀರಿಹೋದ ನಿಮ್ಮ ತಂದೆತಾಯಿಯರ ಹೆಸರಿನಲ್ಲಿ ಅದು ಹರಿಯುವ ಸದಕಾ ಆಗಲಿ.

ಅಲ್ಲಾಹನು ನಮ್ಮ ಬಾವಿಗಳಲ್ಲೂ ಹೃದಯಗಳಲ್ಲೂ ಬರಕತ್ ನೀಡಲಿ. ಆಮೀನ್.