ಹಳೆಯ ವಾಹನಕ್ಕೆ ಹೊಸ ಕಲಾಯಿ

ಬೋಡಿನಾಯಕನೂರಿನಿಂದ ಬೋಡಿಮೆಟ್ಟಿಗೆ, ಕಂಬಂನಿಂದ ಕಂಬಂಮೆಟ್ಟಿಗೆ ಏಲಕ್ಕಿ ತೋಟದ ಆಳುಗಳನ್ನು ಹೊತ್ತು ಬೆಳಗಿನ ಹೊತ್ತಿನಲ್ಲಿ ಘಟ್ಟ ಹತ್ತುವ ಜೀಪುಗಳನ್ನು ನೀವೆಲ್ಲ ಬಲ್ಲಿರಿ. ಅವುಗಳಲ್ಲಿ ವಯಸ್ಸಾದವೂ ಇವೆ. ತೇನಿಯಲ್ಲೋ ದಿಂಡಿಗಲ್ಲಿನಲ್ಲೋ ಕೆಲವರ ಮನೆಯಲ್ಲಿ ಅಜ್ಜನ ಕಾಲದ ಕಾರು ಟಾರ್ಪಾಲಿನ ಕೆಳಗೆ ನಿಂತಿರುವುದೂ ಉಂಟು. ಇಂಥ ವಾಹನ ಕೆಟ್ಟರೆ ಮೊದಲ ತೊಂದರೆ ಬಿಡಿಭಾಗದ್ದು. ಅಂಬಾಸಿಡರ್ ಕಾರಿನ ತಯಾರಿಕೆಯೇ 2014ರಲ್ಲಿ ನಿಂತಿತು. ಅದಕ್ಕೂ ಹಿಂದಿನ ಗಾಡಿಗಳ ಮಾತು ಹೇಳಬೇಕಾಗಿಲ್ಲ. ಹೊಸದು ಸಿಗದ ಮೇಲೆ ಇರುವುದನ್ನೇ ಉಳಿಸಿಕೊಳ್ಳಬೇಕು. ಹೇಗೆ ಎಂಬುದೇ ಇಂದಿನ ಮಾತು.

ಒಡೆದದ್ದನ್ನು ಕಂಡ ಕೂಡಲೆ ವೆಲ್ಡಿಂಗ್ ನೆನಪಾಗುವುದು ಸಹಜ. ಆದರೆ ಹಳೆಯ ಎಂಜಿನ್ನಿನ ಬ್ಲಾಕು ಸಾಮಾನ್ಯವಾಗಿ ಬೀಡು ಕಬ್ಬಿಣದ್ದು. ಅದರಲ್ಲಿ ಇಂಗಾಲ ಹೆಚ್ಚು, ಸುಮಾರು ನೂರಕ್ಕೆ 2ರಿಂದ 4 ಪಾಲು. ಗಟ್ಟಿ, ಆದರೆ ಬಾಗುವ ಗುಣವಿಲ್ಲ. ಒಂದೇ ಜಾಗ ಕೆಂಪಗೆ ಕಾದು, ಸುತ್ತಲಿನ ಜಾಗ ತಣ್ಣಗಿದ್ದರೆ, ಆರುವಾಗ ಕಾದ ಭಾಗ ಕುಗ್ಗಿ ಪಕ್ಕದಲ್ಲೇ ಹೊಸ ಬಿರುಕು ಹುಟ್ಟುತ್ತದೆ. ನುರಿತವರು ಇಡೀ ಬ್ಲಾಕನ್ನು ಕಾಯಿಸಿ, ನಿಕ್ಕಲ್ ಕಡ್ಡಿಯಿಂದ ಬೆಸೆದು, ನಿಧಾನವಾಗಿ ಆರಿಸುತ್ತಾರೆ. ಎಲ್ಲ ಕಡೆ ಅದು ಸಾಧ್ಯವಿಲ್ಲ. ಸತುವಿನ ಎರಕದ ಕಾರ್ಬುರೇಟರ್ ಆದರೆ 400 ಡಿಗ್ರಿಯ ಒಳಗೇ ಕರಗಿಬಿಡುತ್ತದೆ.

ಇದಕ್ಕೆ ಬೇರೊಂದು ದಾರಿಯಿದೆ. ಅದರ ಮೂಲತತ್ವ ನಮ್ಮ ಅಡಿಗೆಮನೆಗೆ ಹೊಸದಲ್ಲ. ತಾಮ್ರದ ಪಾತ್ರೆಗೆ ಕಲಾಯಿ ಹಾಕುವುದನ್ನು ನೆನೆಯಿರಿ. ತವರ 232 ಡಿಗ್ರಿಗೆ ಕರಗುತ್ತದೆ, ತಾಮ್ರ ಕರಗಲು 1085 ಡಿಗ್ರಿ ಬೇಕು. ಆದ್ದರಿಂದ ಪಾತ್ರೆಗೆ ಏನೂ ಆಗದೆ ತವರ ಮಾತ್ರ ಹರಿದು ಅಂಟುತ್ತದೆ. ಕಲಾಯಿಯವನು ಮೊದಲು ಪಾತ್ರೆಯನ್ನು ಉಜ್ಜಿ, ನವಸಾಗರ ಹಾಕಿ ಶುದ್ಧ ಮಾಡುತ್ತಾನೆ. ಕೊಳೆ ಉಳಿದ ಕಡೆ ಕಲಾಯಿ ನಿಲ್ಲದು. ಈ ಎರಡು ಪಾಠಗಳನ್ನು ಇಟ್ಟುಕೊಂಡರೆ ಮುಂದಿನದು ಸುಲಭ.

ಸ್ವಿಟ್ಸರ್ಲೆಂಡಿನ ಮ್ಯಾಕ್ಸ್ ಉಲ್ರಿಕ್ ಶೂಪ್ ಎಂಬವರು 1910ರ ಸುಮಾರಿಗೆ ಲೋಹವನ್ನು ಸಿಂಪಡಿಸುವ ವಿಧಾನ ಕಂಡುಹಿಡಿದರು. ಮಕ್ಕಳು ಹಾರಿಸಿದ ಸೀಸದ ಗುಂಡು ಗೋಡೆಗೆ ಬಡಿದು ಚಪ್ಪಟೆಯಾಗಿ ಅಂಟಿದ್ದೇ ಅವರಿಗೆ ಹೊಳಹು ಕೊಟ್ಟಿತೆಂದು ಹೇಳುತ್ತಾರೆ. ಇದರಲ್ಲಿ ಲೋಹದ ತಂತಿಯನ್ನು ಉರಿಯಲ್ಲಿ ಕರಗಿಸಿ, ಗಾಳಿಯ ಒತ್ತಡದಿಂದ ಸಣ್ಣ ಹನಿಗಳಾಗಿ ಚಿಮ್ಮಿಸುತ್ತಾರೆ. ಹನಿ ಬಿಸಿಯಾದರೂ ಬಹಳ ಚಿಕ್ಕದು. ಗನ್ನನ್ನು ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಿದ್ದರೆ ಬಿಡಿಭಾಗದ ಕಾವು 150 ಡಿಗ್ರಿ ದಾಟದಂತೆ ನೋಡಿಕೊಳ್ಳಬಹುದು.

1980ರ ದಶಕದಲ್ಲಿ ರಷ್ಯದ ನೊವೊಸಿಬಿರ್ಸ್ಕ್ ನಗರದಲ್ಲಿ ಅನತೋಲಿ ಪಾಪಿರಿನ್ ಮತ್ತು ಸಂಗಡಿಗರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಲೋಹವನ್ನು ಕರಗಿಸುವುದೇ ಬೇಡ. ಮೊದಲು ಕಿರಿದಾಗಿ ಆಮೇಲೆ ಅಗಲವಾಗುವ ಕೊಳವೆಯಲ್ಲಿ ಬಿಸಿಯಾದ ಗಾಳಿ ಅಥವಾ ಸಾರಜನಕವನ್ನು ಶಬ್ದಕ್ಕಿಂತ ವೇಗವಾಗಿ ನುಗ್ಗಿಸಿ, ಅದರೊಂದಿಗೆ ಲೋಹದ ಪುಡಿಯನ್ನು ಹಾರಿಸಿದರೆ ಸಾಕು. ಸೆಕೆಂಡಿಗೆ ನೂರಾರು ಮೀಟರ್ ವೇಗದಲ್ಲಿ ಬಂದ ಕಣವು ಗೋಡೆಗೆ ತಟ್ಟಿದ ಬೆರಣಿಯಂತೆ ಹರಡಿ ಕಚ್ಚಿಕೊಳ್ಳುತ್ತದೆ. ಇದಕ್ಕೆ ಕೋಲ್ಡ್ ಸ್ಪ್ರೇ ಎನ್ನುತ್ತಾರೆ. ನಮ್ಮ ದೇಶದಲ್ಲಿ ಹೈದರಾಬಾದಿನ ಏ.ಆರ್.ಸಿ.ಐ. ಸಂಸ್ಥೆ ಇದರಲ್ಲಿ ಸಂಶೋಧನೆ ನಡೆಸಿದೆ. ಎಲ್ಲ ಊರಿನಲ್ಲೂ ಸಿಗುವ ಯಂತ್ರ ಇದಲ್ಲ.

ಕೆಲಸದ ಕ್ರಮ ಹೀಗೆ. ವಾಟರ್ ಪಂಪಿನ ಷಾಫ್ಟು ಸೀಲಿನ ಜಾಗದಲ್ಲಿ ಸವೆದಿದೆ ಎನ್ನೋಣ. ಮೊದಲು ಎಣ್ಣೆ ತೆಗೆಯಬೇಕು. ಸವೆದ ಜಾಗವನ್ನು ಲೇತಿನಲ್ಲಿ ಸಮ ಮಾಡಿ, ಗರಸು ಪುಡಿ ಹೊಡೆದು ಒರಟು ಮಾಡಬೇಕು. ಮತ್ತೆ ತುಕ್ಕು ಹಿಡಿಯುವ ಮೊದಲು, ಅಂದೇ ಲೇಪ ಕೊಡಬೇಕು. ಬೇಕಾದ್ದಕ್ಕಿಂತ ಸ್ವಲ್ಪ ದಪ್ಪ ಲೇಪಿಸಿ, ಆಮೇಲೆ ಅಳತೆಗೆ ಉಜ್ಜಿ ತರುತ್ತಾರೆ. ಬ್ಲಾಕಿನ ನೀರಿನ ಗೋಡೆ ಸೀಳಿದ್ದರೆ, ಬಿರುಕಿನ ಎರಡು ತುದಿಗೂ ಸಣ್ಣ ತೂತು ಕೊರೆದು ಅದು ಮುಂದೆ ಓಡದಂತೆ ತಡೆದು, ಸತು, ಅಲ್ಯೂಮಿನಿಯಂ ಬೆರಕೆಯ ಪುಡಿಯಿಂದ ತುಂಬುತ್ತಾರೆ. ಬೀಡು ಕಬ್ಬಿಣ ವರ್ಷಗಟ್ಟಲೆ ಎಣ್ಣೆ ಕುಡಿದಿರುತ್ತದೆ. ಮೆಲ್ಲಗೆ ಕಾಯಿಸಿ ಆ ಎಣ್ಣೆಯನ್ನು ಬೆವರಿಸದೆ ಲೇಪ ಕೊಟ್ಟರೆ ಅದು ಹೊಪ್ಪಳೆಯಾಗಿ ಏಳುತ್ತದೆ. ಕೊನೆಗೆ ನೀರಿನ ಒತ್ತಡ ಕೊಟ್ಟು ಸೋರಿಕೆ ನೋಡುವುದನ್ನು ಮರೆಯಬಾರದು.

ಇನ್ನು ಮುಖ್ಯವಾದ ಮಾತು. ಕಲಾಯಿ ಪಾತ್ರೆಯನ್ನು ಶುದ್ಧ ಮಾಡುತ್ತದೆ, ಬಲಪಡಿಸುವುದಿಲ್ಲ. ಈ ಲೇಪವೂ ಹಾಗೆಯೇ. ಸವೆದದ್ದಕ್ಕೆ ಅಳತೆ ಕೊಡುತ್ತದೆ, ಸೋರುವುದನ್ನು ತಡೆಯುತ್ತದೆ, ತುಕ್ಕು ತಪ್ಪಿಸುತ್ತದೆ. ಆದರೆ ಬಿರುಕು ಬಿಟ್ಟ ಆಕ್ಸಲ್ಲು, ಸ್ಟಿಯರಿಂಗಿನ ತೋಳು, ಕನೆಕ್ಟಿಂಗ್ ರಾಡು, ಗೇರಿನ ಹಲ್ಲು, ಬ್ರೇಕಿನ ಭಾಗ, ಇವುಗಳಿಗೆ ಇದು ಸಲ್ಲದು. ಬಿರುಕನ್ನು ಲೇಪ ಮುಚ್ಚಿಬಿಟ್ಟರೆ ಕಣ್ಣಿಗೆ ಕಾಣದು, ಒಳಗೆ ಬೆಳೆಯುತ್ತಲೇ ಇರುತ್ತದೆ. ಸಿಲಿಂಡರ್ ಹೆಡ್ಡಿನ ಬೆಂಕಿ ಉರಿಯುವ ಬದಿಗೂ ಸತುವಿನ ಲೇಪ ನಿಲ್ಲದು. ಸತು 420 ಡಿಗ್ರಿಗೆ ಕರಗುತ್ತದೆ.

ಪ್ರದರ್ಶನಕ್ಕಿಟ್ಟ ಕಾರಿನಲ್ಲಿ ಲೇಪ ಕೆಟ್ಟರೆ ಹೋಗುವುದು ಮರ್ಯಾದೆ. ಘಟ್ಟದ ತಿರುವಿನಲ್ಲಿ ಹತ್ತು ಹನ್ನೆರಡು ಜನ ಕೂತ ಜೀಪಿನಲ್ಲಿ ಕೆಟ್ಟರೆ ಹೋಗುವುದು ಜೀವ. ಆದ್ದರಿಂದ ಲೇತಿನ ಪಟ್ಟರೆಗೆ ಹೋದಾಗ ಮೂರು ಪ್ರಶ್ನೆ ಕೇಳಿ. ಈ ಭಾಗ ಸವೆದಿದೆಯೋ, ಸೀಳಿದೆಯೋ? ಅದರ ಮೇಲೆ ಭಾರ ಬೀಳುತ್ತದೆಯೋ? ಲೇಪ ಕೊಡುವ ಮುಂಚೆ ಹೇಗೆ ಶುದ್ಧ ಮಾಡುತ್ತೀರಿ? ಸರಿಯಾದ ಉತ್ತರ ಬಂದರೆ ಕೆಲಸ ಕೊಡಿ. ಬಾರದಿದ್ದರೆ ಭಾಗವನ್ನು ಬಟ್ಟೆಯಲ್ಲಿ ಸುತ್ತಿ ಮನೆಗೆ ತನ್ನಿ. ಇಷ್ಟು ವರ್ಷ ಕಾದ ಗಾಡಿ ಇನ್ನು ನಾಲ್ಕು ದಿನ ಕಾಯಬಲ್ಲದು.