ಹಳೆಯ ಕಂಪ್ಯೂಟರಿಗೆ ಹೊಸ ವ್ಯವಸ್ಥೆ
(ಶಾಲಾ ವಾರ್ಷಿಕೋತ್ಸವದಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಸಾಮಾನ್ಯ ರಕ್ಷಣಾ ತಿದ್ದುಪಡಿಗಳು 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡುವು. ವಿಂಡೋಸ್ 11 ಹಳೆಯ ಯಂತ್ರಗಳಲ್ಲಿ ಹಲವನ್ನು ಒಪ್ಪುವುದಿಲ್ಲ. ಹಾಗಾದರೆ ಮನೆಯ ಕಂಪ್ಯೂಟರನ್ನು ಗುಜರಿಗೆ ಹಾಕಬೇಕೇ ಎಂದು ತಮ್ಮಲ್ಲಿ ಕೆಲವರು ಕೇಳಿದ್ದೀರಿ. ಬೇಡವೆಂಬುದೇ ನನ್ನ ಉತ್ತರ. ಗೋಡೆ ಗಟ್ಟಿಯಿರುವಾಗ ಮಾಡಿನ ಹಂಚನ್ನು ಬದಲಿಸುತ್ತೇವಲ್ಲದೆ ಮನೆಯನ್ನು ಕೆಡಹುವುದಿಲ್ಲ.

ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ ರಚಿಸತೊಡಗಿದ ಲಿನಕ್ಸನ್ನು ತಿರುಳಾಗಿ ಉಳ್ಳ ಉಬುಂಟುವಿನಂತಹ ವ್ಯವಸ್ಥೆಗಳು ಬೆಲೆಯಿಲ್ಲದೆ ದೊರೆಯುತ್ತವೆ. ಕೇರಳದ ಶಾಲೆಗಳಲ್ಲಿ ನಮ್ಮ ಮಕ್ಕಳು ಕಲಿಯುತ್ತಿರುವುದೂ ಇಂತಹುದರಲ್ಲಿಯೇ. ಕನ್ನಡ ಬರೆಯುವುದಕ್ಕೆ ಅದರಲ್ಲಿ ತೊಡಕಿಲ್ಲ. ಶಕ್ತಿ ಕಡಿಮೆಯಾದ ಯಂತ್ರಕ್ಕೆ ಹಗುರವಾದ ಲುಬುಂಟು ಇದೆ. ಪೆನ್ ಡ್ರೈವಿನಿಂದಲೇ ನಡೆಸಿ ನೋಡಿ, ಒಪ್ಪಿಗೆಯಾದ ಬಳಿಕ ಅಳವಡಿಸಬಹುದು.

ಆದರೆ ಒಂದು ಎಚ್ಚರಿಕೆಯನ್ನು ಹೇಳದಿದ್ದರೆ ನಾನು ಅಪರಾಧಿಯಾಗುವೆನು. ಕಳೆದ ಬೇಸಗೆಯಲ್ಲಿ ಶಾಲೆಯ ಕಂಪ್ಯೂಟರೊಂದಕ್ಕೆ ಇದನ್ನು ಅಳವಡಿಸುವ ಅವಸರದಲ್ಲಿ ಅದರೊಳಗಿನ ಸರ್ವಸ್ವವನ್ನೂ ಅಳಿಸಿಬಿಟ್ಟೆನು. ಏಳನೆಯ ತರಗತಿಯ ಮಕ್ಕಳು ಅಜ್ಜಿಯರಿಂದ ಕೇಳಿ ಬರೆದಿಟ್ಟಿದ್ದ ಹಾಡುಗಳು ಅದರಲ್ಲಿದ್ದುವು; ಬೇರೆಡೆ ಪ್ರತಿ ಇರಲಿಲ್ಲ. ಮಕ್ಕಳು ಬೇಸರಿಸದೆ ಮತ್ತೆ ಅಜ್ಜಿಯರ ಬಳಿ ಕುಳಿತು ಬರೆದುಕೊಂಡರು. ಆದರೆ ಅಷ್ಟರಲ್ಲಿ ಒಬ್ಬ ಅಜ್ಜಿ ತೀರಿಕೊಂಡಿದ್ದರು. ಅವರ ಹಾಡು ಮರಳಿ ಬರಲಿಲ್ಲ. ಆ ತಪ್ಪು ಯಂತ್ರದ್ದಲ್ಲ, ನನ್ನದು.

ಆದುದರಿಂದ ಮೊದಲು ತಮ್ಮ ಬರಹ, ಚಿತ್ರಗಳನ್ನೆಲ್ಲ ಬೇರೆ ಎರಡು ಕಡೆ ನಕಲು ಮಾಡಿ, ಆ ನಕಲುಗಳನ್ನು ತೆರೆದು ನೋಡಿರಿ. ಅನಂತರವೇ ಹೊಸ ವ್ಯವಸ್ಥೆಗೆ ಕೈಹಾಕಿರಿ. ಯಂತ್ರವನ್ನು ಮತ್ತೊಂದು ಕೊಳ್ಳಬಹುದು, ಅದರೊಳಗಿನದನ್ನು ಕೊಳ್ಳಲಾಗದು.