ಠಾಣೆಯ ಮೂಲೆಯಲ್ಲೊಂದು ಮೇಜು

(ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)

ಪೊಲೀಸರು ಮತ್ತು ವಿಶ್ವವಿದ್ಯಾಲಯಗಳು ಕೂಡಿ ಮಾಡಿದ ಸಂಶೋಧನೆಯ ಬಗ್ಗೆ ಮಾತಾಡುತ್ತೇನೆ ಅಂದಾಗ ನಮ್ಮ ಕಾರ್ಯದರ್ಶಿಯವರು, ‘ಸಾಫ್ಟ್‌ವೇರಿನವಳಿಗೆ ಅದರ ಉಸಾಬರಿ ಯಾಕಮ್ಮಾ?’ ಅಂದರು. ಕಾರಣ ಇದೆ.

ಎರಡು ವರ್ಷದ ಹಿಂದೆ ನಮ್ಮ ಮನೆಗೆಲಸಕ್ಕೆ ಬರುವಾಕೆ ಒಂದು ಬೆಳಿಗ್ಗೆ ಊದಿದ ಕಣ್ಣಿನಲ್ಲಿ ಬಂದಳು. ಗಂಡ ಹೊಡೆದಿದ್ದ. ನಾನೇ ಧೈರ್ಯ ಹೇಳಿ ಠಾಣೆಗೆ ಕರೆದುಕೊಂಡು ಹೋದೆ. ಕೌಂಟರಿನ ಹಿಂದೆ ಇಬ್ಬರು ಗಂಡಸರು. ಬೆಂಚಿನ ಮೇಲೆ ಬೈಕ್ ಕಳೆದುಕೊಂಡವರು, ಪಾಸ್‌ಪೋರ್ಟ್ ವೆರಿಫಿಕೇಶನ್ನಿಗೆ ಬಂದವರು. ಅಷ್ಟು ಜನರ ಎದುರು ‘ಏನಾಯ್ತು, ಹೇಳು’ ಅಂದರು. ಮನೆಯಲ್ಲಿ ಗಟ್ಟಿ ದನಿಯ ಹೆಂಗಸು, ಅಲ್ಲಿ ಮಾತೇ ಹೊರಡಲಿಲ್ಲ. ‘ಗಂಡ ಹೆಂಡಿರ ಜಗಳ, ಮನೆಗೆ ಹೋಗಿ ಸರಿ ಮಾಡಿಕೊಳ್ಳಿ’ ಎಂದು ಕಳಿಸಿದರು. ಏನೂ ಬರೆದುಕೊಳ್ಳಲಿಲ್ಲ. ಸರ್ಕಾರಿ ಲೆಕ್ಕದಲ್ಲಿ ಆ ಏಟು ಬಿದ್ದೇ ಇಲ್ಲ.

ಆಮೇಲೆ ಹುಡುಕಿ ಓದಲು ಶುರು ಮಾಡಿದೆ. ಸಿಕ್ಕಿದ್ದು ಮಧ್ಯಪ್ರದೇಶದ ಕಥೆ. ಅಲ್ಲಿನ ಪೊಲೀಸ್ ಇಲಾಖೆ ವರ್ಜೀನಿಯಾ ಮತ್ತು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯಗಳ ಸಂಶೋಧಕರ ಜೊತೆ ಸೇರಿ 180 ಠಾಣೆಗಳಲ್ಲಿ ಒಂದು ಪ್ರಯೋಗ ನಡೆಸಿತು. ಆ ಠಾಣೆಗಳ ವ್ಯಾಪ್ತಿಯಲ್ಲಿದ್ದ ಜನ ಎರಡು ಕೋಟಿಗೂ ಹೆಚ್ಚು. ಚೀಟಿ ಎತ್ತಿದ ಹಾಗೆ ಠಾಣೆಗಳನ್ನು ಮೂರು ಗುಂಪು ಮಾಡಿದರು. ಮೊದಲ ಗುಂಪಿನಲ್ಲಿ ಏನೂ ಬದಲಿಸಲಿಲ್ಲ. ಎರಡನೆಯದರಲ್ಲಿ ಮಹಿಳಾ ಸಹಾಯ ಕೇಂದ್ರ: ಮರೆಯಲ್ಲಿ ಕೂತು ಮಾತಾಡಲು ಜಾಗ, ಸಿಬ್ಬಂದಿಗೆ ತರಬೇತಿ, ದೂರು ಬಂದರೆ ಏನು ಮಾಡಬೇಕೆಂಬ ಲಿಖಿತ ಕ್ರಮ, ಊರಿನ ಮಹಿಳಾ ಗುಂಪುಗಳ ಸಂಪರ್ಕ. ಮೂರನೆಯದರಲ್ಲಿ ಇದೆಲ್ಲದರ ಜೊತೆಗೆ, ಆ ಮೇಜಿನ ಹೊಣೆ ಮಹಿಳಾ ಅಧಿಕಾರಿಗೇ. ನಮ್ಮ ಆಫೀಸಿನಲ್ಲಿ ಎ/ಬಿ ಟೆಸ್ಟಿಂಗ್ ಅನ್ನುತ್ತೇವಲ್ಲ, ಅದೇ. ನಾವು ಬಟನ್ನಿನ ಬಣ್ಣಕ್ಕೆ ಮಾಡುತ್ತೇವೆ, ಅವರು ಇದಕ್ಕೆ ಮಾಡಿದರು!

2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಸಹಾಯ ಕೇಂದ್ರವಿದ್ದ ಠಾಣೆಗಳಲ್ಲಿ ಹೆಂಗಸರ ಮೇಲಿನ ದೌರ್ಜನ್ಯದ ಪ್ರಕರಣಗಳು ಹೆಚ್ಚು ದಾಖಲಾದವು, ಮಹಿಳಾ ಅಧಿಕಾರಿ ಕೂತ ಕಡೆ ವಿಶೇಷವಾಗಿ.

ಇಲ್ಲಿ ಸ್ವಲ್ಪ ನಿಲ್ಲಬೇಕು. ‘ಹೆಚ್ಚು ದಾಖಲಾದವು’ ಅಂದರೆ ಪತ್ರಿಕೆಯ ತಲೆಬರಹದಲ್ಲಿ ಅದು ಹೇಗೆ ಕಾಣುತ್ತದೆ? ‘ಅಪರಾಧ ಹೆಚ್ಚಳ’ ಎಂದು! ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಎಣಿಸುವುದು ದಾಖಲಾದ ಪ್ರಕರಣಗಳನ್ನು, ಬಿದ್ದ ಏಟುಗಳನ್ನಲ್ಲ. ಟೆಸ್ಟಿಂಗ್ ತಂಡ ಹೆಚ್ಚು ಬಗ್ ಹಿಡಿದರೆ ಸಾಫ್ಟ್‌ವೇರ್ ಕೆಟ್ಟಿತು ಅನ್ನುತ್ತೇವಾ? (ಕೆಲವು ಮ್ಯಾನೇಜರುಗಳು ಅನ್ನುತ್ತಾರೆ, ಬಿಡಿ.) ಅಂಕಿ ಏರಿದ್ದಕ್ಕೆ ಠಾಣಾಧಿಕಾರಿಯನ್ನು ಬೈದರೆ, ಅವರು ಬರೆದುಕೊಳ್ಳುವುದನ್ನೇ ನಿಲ್ಲಿಸುತ್ತಾರೆ. ಏರಿಕೆಯ ಅರ್ಥ ಬಿಡಿಸಿ ಹೇಳಲು ಹೋಲಿಕೆಗೆ ಆ ಮೊದಲ ಗುಂಪು ಬೇಕು. ವಿಶ್ವವಿದ್ಯಾಲಯ ತಂದುಕೊಟ್ಟದ್ದು ಇದನ್ನೇ.

ಇದಕ್ಕೂ ಮೊದಲು ರಾಜಸ್ಥಾನದಲ್ಲಿ 162 ಠಾಣೆಗಳಲ್ಲಿ ಇಂಥದೇ ಪ್ರಯೋಗ ನಡೆದಿತ್ತು. ತಂಡದವರು ಸಾಮಾನ್ಯ ದೂರುದಾರರಂತೆ ಹೋಗಿ, ಪೊಲೀಸರು ದೂರು ಬರೆದುಕೊಳ್ಳುತ್ತಾರೋ ಇಲ್ಲವೋ ಪರೀಕ್ಷಿಸಿದರು. ಇಂಥವರು ಬರುತ್ತಾರೆ ಎಂದು ಗೊತ್ತಾಗುತ್ತ ಹೋದಂತೆ ಬರೆದುಕೊಳ್ಳುವುದು ಸುಧಾರಿಸಿತು. ತರಬೇತಿಯೂ ಫಲ ಕೊಟ್ಟಿತು. ಆದರೆ ವಾರದ ರಜೆ, ಕೆಲಸದ ಸರದಿ ಬದಲಾವಣೆಯಂಥವು ಠಾಣಾಧಿಕಾರಿಗಳ ಮೇಜಿನಲ್ಲೇ ಸೊರಗಿದವು. ಸೋತದ್ದನ್ನೂ ಮುಚ್ಚಿಡದೆ ಬರೆದರಲ್ಲ, ಅದಕ್ಕೇ ನನಗೆ ಗೌರವ. ಲೇಖಕರಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಜೊತೆಗೆ ಐಪಿಎಸ್ ಅಧಿಕಾರಿ ನೀನಾ ಸಿಂಗ್ ಇದ್ದಾರೆ. ಮುಂದೆ ಸಿಐಎಸ್‌ಎಫ್‌ನ ಮುಖ್ಯಸ್ಥೆಯಾದ ಮೊದಲ ಮಹಿಳೆ ಅವರೇ. ಒಳಗಿನವರೇ ಬಾಗಿಲು ತೆರೆಯದಿದ್ದರೆ ಯಾವ ಪ್ರೊಫೆಸರ್ ಠಾಣೆಯೊಳಗೆ ಹೋಗಿ ಅಳೆಯುತ್ತಾರೆ, ಹೇಳಿ?

ಎಫ್‌ಐಆರ್ ಆದರೆ ಎಲ್ಲ ಆಯಿತು ಅಂತಲ್ಲ. ಕೋರ್ಟಿನ ದಾರಿ ಉದ್ದ ಇದೆ. ಆದರೆ ಅದಿಲ್ಲದೆ ಆ ದಾರಿ ಶುರುವೇ ಆಗುವುದಿಲ್ಲ.

ನಮ್ಮ ಮನೆಗೆ ಬರುವಾಕೆಯನ್ನು ಮೊನ್ನೆ ಕೇಳಿದೆ: ಮತ್ತೆ ಹಾಗಾದರೆ ಠಾಣೆಗೆ ಹೋಗೋಣವಾ? ‘ಒಳಗೆ ಹೆಂಗಸು ಕೂತಿದ್ದಾಳಾ ಅಂತ ಮೊದಲು ನೀವು ನೋಡಿಕೊಂಡು ಬನ್ನಿ ಅಕ್ಕಾ’ ಅಂದಳು. ಬರುವ ಶನಿವಾರ ನೋಡಿಕೊಂಡು ಬರಲು ಹೊರಟಿದ್ದೇನೆ. ಜೊತೆಗೆ ಯಾರು ಬರುತ್ತೀರಿ?